‘ಯಾರಿಗೂ ಹೇಳಬೇಡಿ’ ಎನ್ನುವ ಪೊಲೀಸ್

ಬೆಳಿಗ್ಗೆ ಹತ್ತೂವರೆ. ಪೇಪರ್ ಓದಿ ಮುಗಿದಿದೆ, ಎರಡನೇ ಕಾಫಿಯೂ ಆಗಿದೆ. ಕೆಲಸದಾಕೆ ಪಾತ್ರೆ ತೊಳೆದಿಟ್ಟು ಮುಂದಿನ ಮನೆಗೆ ಹೋಗಿದ್ದಾಳೆ. ಮಗ ಡಲ್ಲಾಸ್‌ನಲ್ಲಿ, ಅವನಿಗೀಗ ನಡುರಾತ್ರಿ. ಮಗಳು ವೈಟ್‌ಫೀಲ್ಡ್‌ನ ಆಫೀಸಿನಲ್ಲಿ, ಊಟದ ಹೊತ್ತಿನವರೆಗೆ ಫೋನ್ ಎತ್ತುವುದಿಲ್ಲ. ಮನೆಯಲ್ಲಿರುವವರು ಒಬ್ಬರೇ, ನಿವೃತ್ತ ಕಾಲೇಜು ಮೇಷ್ಟ್ರು ಅಂತಿಟ್ಟುಕೊಳ್ಳಿ. ಆಗ ಫೋನ್ ರಿಂಗಾಗುತ್ತದೆ.

ಎತ್ತಿದರೆ ರೆಕಾರ್ಡ್ ಮಾಡಿದ ಹೆಣ್ಣು ದನಿ. ‘ಇದು ಟ್ರಾಯ್, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಇನ್ನೆರಡು ಗಂಟೆಯಲ್ಲಿ ನಿಮ್ಮ ಹೆಸರಿನ ಎಲ್ಲ ಮೊಬೈಲ್ ಸಂಪರ್ಕ ಕಡಿತವಾಗಲಿದೆ. ವಿವರಕ್ಕೆ 9 ಒತ್ತಿ.’ ಮೇಷ್ಟ್ರು 9 ಒತ್ತುತ್ತಾರೆ. ಆಚೆಯಿಂದ ಮಾತಾಡುವವನು ಬಹಳ ಮರ್ಯಾದಸ್ಥ. ‘ಸರ್, ನಿಮ್ಮ ಆಧಾರ್ ಬಳಸಿ ಮುಂಬೈಯಲ್ಲಿ ಯಾರೋ ಸಿಮ್ ತಗೊಂಡಿದ್ದಾರೆ. ನಿಮ್ಮ ಮೇಲೆ ಅಲ್ಲಿ ಕೇಸ್ ಆಗಿದೆ. ನೀವು ಖುದ್ದಾಗಿ ಬರೋದು ಕಷ್ಟ ಅಲ್ವಾ? ಠಾಣೆಗೆ ಲೈನ್ ಕೊಡ್ತೀನಿ, ಹೇಳಿಕೆ ಕೊಟ್ಟುಬಿಡಿ.’

ಐದು ನಿಮಿಷದಲ್ಲಿ ವಾಟ್ಸ್ಆ್ಯಪ್ ವಿಡಿಯೊ ಕಾಲ್ ಬರುತ್ತದೆ. ಖಾಕಿ ತೊಟ್ಟವನೊಬ್ಬ ಕುಳಿತಿದ್ದಾನೆ. ಬೆನ್ನ ಹಿಂದೆ ಪೊಲೀಸ್ ಲಾಂಛನ, ಪಕ್ಕದಲ್ಲಿ ಧ್ವಜ, ಎಲ್ಲೋ ವೈರ್‌ಲೆಸ್ ಸೆಟ್ ಗರಗರ ಎನ್ನುತ್ತಿದೆ. ಅವನ ಮೊದಲ ಪ್ರಶ್ನೆ ಕೇಸಿನ ಬಗ್ಗೆ ಇರುವುದೇ ಇಲ್ಲ. ‘ಮನೆಯಲ್ಲಿ ಬೇರೆ ಯಾರಿದ್ದಾರೆ?’ ಯಾರೂ ಇಲ್ಲವೆಂದು ತಿಳಿದ ಮೇಲೆ, ‘ಬಾಗಿಲು ಹಾಕಿಕೊಳ್ಳಿ. ಇದು ದೇಶದ ಭದ್ರತೆಯ ವಿಚಾರ. ಯಾರಿಗೂ ಹೇಳಬೇಡಿ, ಮಕ್ಕಳಿಗೂ ಹೇಳಬೇಡಿ. ಹೇಳಿದರೆ ಅವರೂ ಆರೋಪಿಗಳಾಗುತ್ತಾರೆ.’

ಅಲ್ಲಿಂದ ಮುಂದೆ ಮೇಷ್ಟ್ರು ತಮ್ಮ ಮನೆಯಲ್ಲೇ ಕೈದಿ. ಫೋನನ್ನು ಟೇಬಲ್ ಮೇಲೆ ಒರಗಿಸಿಟ್ಟು ಕ್ಯಾಮೆರಾಕ್ಕೆ ಕಾಣುವಂತೆ ಕೂರಬೇಕು. ಬಚ್ಚಲಿಗೆ ಹೋಗಬೇಕಾದರೂ ಕೇಳಿ ಹೋಗಬೇಕು. ರಾತ್ರಿ ಮಲಗಿದಾಗಲೂ ಕಾಲ್ ಕಟ್ ಮಾಡುವಂತಿಲ್ಲ. ಎರಡನೆಯ ದಿನವೋ ಮೂರನೆಯ ದಿನವೋ ಬ್ಯಾಂಕಿಗೆ ಹೋಗಿ ಎಫ್‌ಡಿ ಮುರಿಸುತ್ತಾರೆ.

ಇದಕ್ಕೆ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರು ಬಿದ್ದಿದೆ, ಆ ಹೆಸರು ಈಗ ಎಲ್ಲರಿಗೂ ಗೊತ್ತು. 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇದನ್ನೇ ವಿಷಯ ಮಾಡಿಕೊಂಡು, ಅಂಥದೊಂದು ಕರೆಯ ಧ್ವನಿಮುದ್ರಣವನ್ನೂ ಕೇಳಿಸಿದರು. ಅದು ನಮ್ಮ ವಿಜಯಪುರದ ಯುವಕನೊಬ್ಬ ವಂಚಕನೊಡನೆ ಮಾತಾಡುತ್ತಲೇ ರೆಕಾರ್ಡ್ ಮಾಡಿಕೊಂಡದ್ದು. ಬಳಿಕ ತಿಂಗಳುಗಟ್ಟಲೆ ಯಾರಿಗೆ ಫೋನ್ ಮಾಡಿದರೂ ಮೊದಲು ಎಚ್ಚರಿಕೆಯ ಮಾತು ಕೇಳಿಸುತ್ತಿತ್ತು. ಜನ ಬೇಸತ್ತು ಬೈದುಕೊಂಡರು. ಆದರೂ ಈ ಮೋಸ ನಿಂತಿಲ್ಲ. ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2022ರಲ್ಲಿ ಡಿಜಿಟಲ್ ಅರೆಸ್ಟ್ ಮತ್ತು ಅದರ ಜಾತಿಯ ವಂಚನೆಗಳ ದೂರು 39,925. ಹೋದ ಹಣ ಸುಮಾರು ₹91 ಕೋಟಿ. 2024ಕ್ಕೆ ದೂರು 1,23,672ಕ್ಕೆ ಏರಿತು, ಹಣ ₹1,935 ಕೋಟಿ ದಾಟಿತು. ದೂರು ಮೂರು ಪಟ್ಟಾದರೆ ಹಣ ಇಪ್ಪತ್ತು ಪಟ್ಟು. ವಂಚಕರು ಸಣ್ಣಪುಟ್ಟ ಜೇಬು ಬಿಟ್ಟು ಜೀವಮಾನದ ಉಳಿತಾಯಕ್ಕೇ ಕೈ ಹಾಕಿದ್ದಾರೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಳೆಯ ಆಟ

ಇದು ಇಂಟರ್ನೆಟ್ ಹುಟ್ಟಿಸಿದ ಮೋಸ ಎಂದುಕೊಂಡರೆ ತಪ್ಪಾಗುತ್ತದೆ. ನಮ್ಮ ಊರುಗಳ ಅಜ್ಜಿಯರು ಇದರ ಮೊದಲ ಆವೃತ್ತಿಯನ್ನು ಬಹಳ ಹಿಂದೆಯೇ ನೋಡಿದ್ದಾರೆ.

ದೇವಸ್ಥಾನದಿಂದ ಮನೆಗೆ ನಡೆದು ಬರುವ ಹೆಂಗಸು. ಕೊರಳಲ್ಲಿ ಎರಡೆಳೆ ಸರ, ಕೈಯಲ್ಲಿ ಬಳೆ. ಇಸ್ತ್ರಿ ಮಾಡಿದ ಶರ್ಟು ಹಾಕಿದ ಇಬ್ಬರು ಬೈಕ್ ನಿಲ್ಲಿಸುತ್ತಾರೆ. ‘ಅಮ್ಮಾ, ನಾವು ಪೊಲೀಸ್. ಮುಂದಿನ ಕ್ರಾಸಿನಲ್ಲಿ ಈಗಷ್ಟೇ ಸರ ಕಿತ್ತುಕೊಂಡು ಹೋಗಿದ್ದಾರೆ. ಇಷ್ಟು ಒಡವೆ ಹಾಕ್ಕೊಂಡು ಒಬ್ಬರೇ ಓಡಾಡ್ತೀರಲ್ಲ? ಬಿಚ್ಚಿ ಬ್ಯಾಗಲ್ಲಿಟ್ಟುಕೊಳ್ಳಿ.’ ಆಕೆ ಅನುಮಾನಿಸುತ್ತಿರುವಾಗಲೇ ದಾರಿಹೋಕನೊಬ್ಬ ಬರುತ್ತಾನೆ. ಅವನನ್ನೂ ಇವರು ನಿಲ್ಲಿಸಿ ಗದರುತ್ತಾರೆ. ಅವನು ತೆಪ್ಪಗೆ ತನ್ನ ಚೈನು, ಉಂಗುರ ಬಿಚ್ಚಿ ಕಾಗದದಲ್ಲಿ ಕಟ್ಟಿಕೊಂಡು, ನಮಸ್ಕಾರ ಹಾಕಿ ಹೋಗುತ್ತಾನೆ. ಅವನೂ ಇವರ ಕಡೆಯವನೇ. ಇನ್ನು ಅಮ್ಮನಿಗೆ ಅನುಮಾನವೆಲ್ಲಿ? ತಾನೂ ಬಿಚ್ಚಿ ಕೊಡುತ್ತಾಳೆ. ‘ಕೊಡಿ ಅಮ್ಮಾ, ಗಟ್ಟಿಯಾಗಿ ಕಟ್ಟಿಕೊಡ್ತೀವಿ.’ ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಜಲ್ಲಿಕಲ್ಲು.

ಫೋನಿನ ಆಟದಲ್ಲೂ ಇದೇ ಮೂವರು ಇದ್ದಾರೆ. ಒಬ್ಬ ಹೆದರಿಸುತ್ತಾನೆ. ಇನ್ನೊಬ್ಬ ‘ಹಿರಿಯ ಅಧಿಕಾರಿ’. ದೊಡ್ಡ ಮನಸ್ಸು ಮಾಡಿ, ‘ನೀವು ಒಳ್ಳೆಯ ಮನೆತನದವರು ಅನ್ನಿಸುತ್ತೆ, ಬಚಾವಾಗೋಕೆ ದಾರಿ ಹೇಳ್ತೀನಿ’ ಎನ್ನುತ್ತಾನೆ. ಮೂರನೆಯ ಪಾತ್ರ ಕಾಗದಪತ್ರದ್ದು: ಸಿಬಿಐ ಲೆಟರ್‌ಹೆಡ್, ಅರೆಸ್ಟ್ ವಾರಂಟ್, ಸುಪ್ರೀಂ ಕೋರ್ಟ್ ಮೊಹರು. ದಾರಿಹೋಕ ಬಿಚ್ಚಿಟ್ಟ ಚೈನು ಮಾಡಿದ ಕೆಲಸವನ್ನು ಇಲ್ಲಿ ಈ ಮೊಹರು ಮಾಡುತ್ತದೆ.

ಆದರೆ ಬೀದಿಯ ಮೋಸಗಾರನಿಗೆ ಐದು ನಿಮಿಷದ ಗಡುವಿತ್ತು. ಪಕ್ಕದ ಮನೆಯವರು ಬಾಗಿಲು ತೆರೆದರೆ, ಹೂವಿನವಳು ‘ಏನಮ್ಮಾ?’ ಎಂದು ಕೇಳಿದರೆ ಅವನ ಆಟ ಕೆಟ್ಟಿತು. ಫೋನಿನವನಿಗೆ ಆ ಭಯವಿಲ್ಲ. ಬಾಗಿಲು ಹಾಕಿಸಿದ ಮೇಲೆ ಅವನ ಕೈಯಲ್ಲಿ ದಿನಗಳಿವೆ, ಕೆಲವೊಮ್ಮೆ ತಿಂಗಳುಗಳಿವೆ. ಬೆಂಗಳೂರಿನ 57 ವರ್ಷದ ಮಹಿಳೆಯೊಬ್ಬರು ಆರು ತಿಂಗಳಿಗೂ ಹೆಚ್ಚು ಕಾಲ ಈ ಹಿಡಿತದಲ್ಲಿದ್ದು ಸುಮಾರು ₹32 ಕೋಟಿ ಕಳೆದುಕೊಂಡದ್ದು 2025ರ ನವೆಂಬರಿನಲ್ಲಿ ಬೆಳಕಿಗೆ ಬಂತು.

ದಡ್ಡರ ಕಥೆಯಲ್ಲ

‘ಓದಿದವರು ಹೇಗೆ ನಂಬುತ್ತಾರೆ?’ ಎಂಬ ಪ್ರಶ್ನೆ ಪ್ರತಿ ಸುದ್ದಿಯ ಜೊತೆಗೂ ಬರುತ್ತದೆ. ವರ್ಧಮಾನ್ ಜವಳಿ ಸಮೂಹದ ಮುಖ್ಯಸ್ಥ, ಪದ್ಮಭೂಷಣ ಎಸ್.ಪಿ. ಓಸ್ವಾಲ್ 2024ರಲ್ಲಿ, ತಮ್ಮ 82ನೇ ವಯಸ್ಸಿನಲ್ಲಿ, ₹7 ಕೋಟಿ ಕಳೆದುಕೊಂಡರು. ಸಾವಿರಾರು ಜನರ ಕಂಪನಿ ಕಟ್ಟಿದವರು ಅವರು. ಸ್ಕೈಪ್‌ನಲ್ಲಿ ಅವರ ಮುಂದೆ ಸುಪ್ರೀಂ ಕೋರ್ಟಿನ ‘ವಿಚಾರಣೆ’ಯೇ ನಡೆಯಿತು, ಆಗಿನ ಮುಖ್ಯ ನ್ಯಾಯಮೂರ್ತಿಯ ಸೋಗು ಹಾಕಿದವನೊಬ್ಬ ಆದೇಶ ಹೊರಡಿಸಿದ, ಆ ಆದೇಶ ವಾಟ್ಸ್ಆ್ಯಪ್‌ನಲ್ಲಿ ಬಂತು. ಅವರು ಮುಚ್ಚಿಡದೆ ಮಾಧ್ಯಮದ ಮುಂದೆ ಎಲ್ಲವನ್ನೂ ಹೇಳಿದರು. ಬೇಗ ದೂರು ಹೋಗಿದ್ದರಿಂದ ₹5 ಕೋಟಿಗೂ ಹೆಚ್ಚು ಹಣ ಪೊಲೀಸರ ಕೈಗೆ ಸಿಕ್ಕಿತು.

ನನಗನ್ನಿಸುವಂತೆ ಓದಿದವರು, ನೌಕರಿ ಮಾಡಿದವರು ಇದಕ್ಕೆ ಇನ್ನೂ ಸುಲಭವಾಗಿ ಸಿಕ್ಕಿಬೀಳುತ್ತಾರೆ. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿದ್ದವರಿಗೆ ಫೈಲ್ ನಂಬರು, ಉಲ್ಲೇಖ, ಮೊಹರು ಇದ್ದ ಕಾಗದ ಎಂದರೆ ಪೂಜ್ಯ. ಮೇಲಧಿಕಾರಿಯ ಮಾತಿಗೆ ‘ಎಸ್ ಸರ್’ ಎಂದೇ ರೂಢಿ. ಜನ್ಮದಲ್ಲಿ ಒಮ್ಮೆಯೂ ಠಾಣೆಯ ಮೆಟ್ಟಿಲು ಹತ್ತದವರು ತಮ್ಮ ಹೆಸರು ಎಫ್ಐಆರ್‌ನಲ್ಲಿದೆ ಎಂದು ಕೇಳಿದರೆ ಸಾಕು, ಕೈಕಾಲು ತಣ್ಣಗಾಗುತ್ತವೆ. ವಂಚಕ ಹಿಡಿಯುವುದು ಅವರ ಮರ್ಯಾದೆಯ ಭಯವನ್ನು. ದುರಾಸೆ ಇದ್ದವರಿಗೆ ಅವನ ಬಳಿ ಷೇರು, ಲಾಟರಿಯ ಬೇರೆ ಬಲೆಗಳಿವೆ.

ಹಣ ಕೇಳುವ ರೀತಿಯಲ್ಲೂ ಒಂದು ಚಾಲಾಕಿ ಇದೆ. ಲಂಚ ಕೊಡಿ ಎಂದು ಅವನು ಕೇಳುವುದಿಲ್ಲ. ‘ನಿಮ್ಮ ದುಡ್ಡು ಸಾಚಾ ಹೌದೋ ಅಲ್ಲವೋ ರಿಸರ್ವ್ ಬ್ಯಾಂಕ್ ಪರಿಶೀಲಿಸಬೇಕು. ಈ ಖಾತೆಗೆ ಹಾಕಿ, ಮೂರು ದಿನದಲ್ಲಿ ವಾಪಸ್ ಬರುತ್ತೆ’ ಎನ್ನುತ್ತಾನೆ. ಹಾಕಿದ್ದಕ್ಕೆ ರಸೀದಿಯನ್ನೂ ಕಳಿಸುತ್ತಾನೆ. ಕಳೆದುಕೊಳ್ಳುತ್ತಿದ್ದೇನೆ ಎಂದು ಆ ಜೀವಕ್ಕೆ ಅನ್ನಿಸುವುದೇ ಇಲ್ಲ.

ಮಕ್ಕಳ ಪಾಲು

ಇಲ್ಲಿ ಮನೆಯವರ ಪಾತ್ರವೂ ಇದೆ, ಅದನ್ನು ಹೇಳಲು ಮುಜುಗರವಾದರೂ ಬಿಡುವಂತಿಲ್ಲ. ಫಾರ್ವರ್ಡ್ ಕಳಿಸಿದ್ದಕ್ಕೆ, ತಪ್ಪು ಬಟನ್ ಒತ್ತಿದ್ದಕ್ಕೆ, ಒಟಿಪಿ ಎಂದರೇನು ಎಂದು ಮೂರನೇ ಸಲ ಕೇಳಿದ್ದಕ್ಕೆ ನಾವು ಅಪ್ಪ ಅಮ್ಮನಿಗೆ ಎಷ್ಟು ಸಲ ರೇಗಿಲ್ಲ? ‘ನಿನಗೆ ಗೊತ್ತಾಗಲ್ಲ, ಸುಮ್ನಿರಮ್ಮ’ ಎಂಬ ಮಾತು ಎಷ್ಟು ಮನೆಗಳಲ್ಲಿ ದಿನವೂ ಕೇಳುವುದಿಲ್ಲ? ಹಾಗೆ ಬೈಸಿಕೊಂಡವರು ಇಂಥ ಫೋನ್ ಬಂದಾಗ ಮಕ್ಕಳಿಗೆ ಹೇಳುವುದಿಲ್ಲ. ಮಗನಿಗೆ ತೊಂದರೆ ಕೊಡುವುದೇಕೆ, ತಾನೇ ಬಗೆಹರಿಸಿಕೊಂಡರಾಯಿತು ಎಂದುಕೊಳ್ಳುತ್ತಾರೆ. ‘ಯಾರಿಗೂ ಹೇಳಬೇಡಿ’ ಎಂದು ವಂಚಕ ಕಟ್ಟಪ್ಪಣೆ ಮಾಡುವುದಕ್ಕೆ ಮೊದಲೇ ನಾವು ಅವರ ಬಾಯಿ ಮುಚ್ಚಿಸಿರುತ್ತೇವೆ.

ಹಣ ಹೋದ ಮೇಲೂ ಇದೇ ಪಾಡು, ಎಷ್ಟೋ ಜನ ಬಾಯಿ ಬಿಡುವುದಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ 2025ರಲ್ಲಿ ವೃದ್ಧ ದಂಪತಿ ₹50 ಲಕ್ಷಕ್ಕೂ ಹೆಚ್ಚು ಕಳೆದುಕೊಂಡು ಕಿರುಕುಳ ತಾಳಲಾಗದೆ ಪ್ರಾಣವನ್ನೇ ಬಿಟ್ಟರು. ಹಾಗಾಗಿ, ಮೋಸ ಹೋದವರು ಬಾಯಿ ಬಿಟ್ಟಾಗ ಮನೆಯವರ ಮೊದಲ ಮಾತು ಯಾವುದಾಗಿರಬೇಕು ಎಂಬುದು ಸಣ್ಣ ವಿಷಯವಲ್ಲ. ಲೆಕ್ಕ ಕೇಳುವುದು ಆಮೇಲೆ. ಪಕ್ಕದಲ್ಲಿ ಕೂತು ‘ಬಾ, ದೂರು ಕೊಡೋಣ’ ಎನ್ನುವುದು ಮೊದಲು.

ಕಾಯ್ದೆ ಹಿರಿಯರ ಕಡೆಗಿದೆ

‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ. ಆದರೆ ಕಾನೂನಿನಲ್ಲಿ ಏನಿದೆ ಎಂಬುದನ್ನು ಹೇಳುವವರು ಕಡಿಮೆ. ಅದು ಗೊತ್ತಿದ್ದರೆ ಖಾಕಿಯ ಮುಂದೆ ಬೆನ್ನು ತುಸು ನೆಟ್ಟಗಾಗುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35ನೇ ಕಲಮಿನಲ್ಲಿ ಹಿರಿಯರಿಗಾಗಿ ಒಂದು ಮಾತು ಸೇರಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ, 60 ದಾಟಿದವರನ್ನು ಅಥವಾ ಅಶಕ್ತರನ್ನು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ. 179ನೇ ಕಲಮಿನ ಪ್ರಕಾರ, ಸಾಕ್ಷಿ ಹೇಳಲು 60 ದಾಟಿದ ಗಂಡಸರನ್ನಾಗಲಿ ಯಾವುದೇ ವಯಸ್ಸಿನ ಹೆಂಗಸರನ್ನಾಗಲಿ ಠಾಣೆಗೆ ಬರಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಅವರಿರುವ ಮನೆಗೇ ಬರಬೇಕು. ನಿಜವಾಗಿಯೂ ಬಂಧನವಾದರೆ ಬಂಧಿಸಿದ ಅಧಿಕಾರಿಯ ಹೆಸರು ಎದ್ದು ಕಾಣಬೇಕು, ಬಂಧನದ ಪತ್ರಕ್ಕೆ ಮನೆಯವರೋ ಊರವರೋ ಸಾಕ್ಷಿ ಹಾಕಬೇಕು, ಬಂಧುಗಳಿಗೆ ಸುದ್ದಿ ಮುಟ್ಟಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಾಟ್ಸ್ಆ್ಯಪ್‌ನಲ್ಲಿ ಪೊಲೀಸ್ ಹಾಜರಾತಿ ನೋಟಿಸ್ ಕಳಿಸಿದರೆ ಸಾಲದೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ.

ಗಮನಿಸಿ: ಅಸಲಿ ಬಂಧನದ ಪ್ರತಿ ಹೆಜ್ಜೆಯಲ್ಲೂ ಇನ್ನೊಬ್ಬರಿಗೆ ತಿಳಿಸಲೇಬೇಕೆಂಬ ನಿಯಮವಿದೆ. ಯಾರಿಗೂ ತಿಳಿಸಬೇಡಿ ಎಂದವನು ಆ ಒಂದು ಮಾತಿನಿಂದಲೇ ತಾನು ಪೊಲೀಸನಲ್ಲ ಎಂದು ಒಪ್ಪಿಕೊಂಡಂತೆ.

ಇದೇ ಸುಪ್ರೀಂ ಕೋರ್ಟಿನ ಹೆಸರಿನಲ್ಲಿ ನಕಲಿ ಆದೇಶ ತೋರಿಸಿ ವಂಚಕರು ಹರಿಯಾಣದ ಅಂಬಾಲಾದ ಹಿರಿಯ ದಂಪತಿಯಿಂದ ₹1 ಕೋಟಿಗೂ ಹೆಚ್ಚು ಸುಲಿದರು. ಅವರು ಬರೆದ ಪತ್ರವನ್ನೇ ಆಧಾರ ಮಾಡಿಕೊಂಡು 2025ರ ಅಕ್ಟೋಬರಿನಲ್ಲಿ ನ್ಯಾಯಾಲಯ ಸ್ವಯಂಪ್ರೇರಿತ ವಿಚಾರಣೆ ಆರಂಭಿಸಿತು. ಡಿಸೆಂಬರ್ 1ರಂದು ದೇಶದ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ದುಡ್ಡು ಹೋಗುವ ದಾರಿ

ಮೇಷ್ಟ್ರ ಖಾತೆಯಿಂದ ಆರ್‌ಟಿಜಿಎಸ್‌ನಲ್ಲಿ ಹೊರಟ ಹಣ ಎಲ್ಲಿಗೆ ಹೋಗುತ್ತದೆ? ಮೊದಲ ಖಾತೆ ಯಾವುದೋ ಊರಿನ ಸಣ್ಣ ವ್ಯಾಪಾರಿಯದೋ ಕಾಲೇಜು ಹುಡುಗನದೋ ಆಗಿರುತ್ತದೆ. ಒಂದಿಷ್ಟು ಸಾವಿರದ ಆಸೆಗೆ ಅವನು ತನ್ನ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಬಾಡಿಗೆಗೆ ಕೊಟ್ಟಿರುತ್ತಾನೆ. ಪೊಲೀಸರ ಬಾಯಲ್ಲಿ ಇದು ಮ್ಯೂಲ್ ಅಕೌಂಟ್. ಅಲ್ಲಿಂದ ಹಣ ಹತ್ತಾರು ಖಾತೆಗಳಿಗೆ ಒಡೆದು ಹೋಗುತ್ತದೆ, ಅವುಗಳಿಂದ ಮತ್ತೆ ಒಡೆಯುತ್ತದೆ. ಕೊನೆಗೆ ಒಂದಷ್ಟು ಎಟಿಎಂನಿಂದ ನಗದಾಗಿ, ಉಳಿದದ್ದು ಕ್ರಿಪ್ಟೊ ಆಗಿ ದೇಶ ದಾಟುತ್ತದೆ. ಇಂಥ ಖಾತೆಗಳ ಜಾಡು ಹಿಡಿಯಲು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್ ‘ಮ್ಯೂಲ್ ಹಂಟರ್’ ಎಂಬ ತಂತ್ರಾಂಶವನ್ನೇ ತಯಾರಿಸಿದೆ.

ಕರೆ ಮಾಡುವವರಲ್ಲಿ ಅನೇಕರು ಕಾಂಬೋಡಿಯಾ, ಲಾವೋಸ್, ಮ್ಯಾನ್ಮಾರ್ ಗಡಿಯ ಬೇಲಿ ಹಾಕಿದ ಕಟ್ಟಡಗಳಲ್ಲಿ ಕೂತಿರುತ್ತಾರೆ. ಅವರಲ್ಲೂ ಎಷ್ಟೋ ಜನ ಡೇಟಾ ಎಂಟ್ರಿ ಕೆಲಸವೆಂದು ನಂಬಿ ಹೋಗಿ, ಪಾಸ್‌ಪೋರ್ಟ್ ಕಿತ್ತುಕೊಂಡ ಮೇಲೆ ಈ ಕೆಲಸಕ್ಕೆ ಬಿದ್ದ ಭಾರತದ ಹುಡುಗರೇ. 2025ರಲ್ಲಿ ವಾಯುಪಡೆಯ ವಿಮಾನಗಳಲ್ಲಿ ಇಂಥ ನೂರಾರು ಜನರನ್ನು ಥಾಯ್ಲೆಂಡ್ ಮೂಲಕ ಕರೆತರಲಾಯಿತು. ಮೇಷ್ಟ್ರನ್ನು ಹೆದರಿಸಿದವನೂ ಯಾರದೋ ಹೆದರಿಕೆಯಲ್ಲಿದ್ದಿರಬಹುದು.

ಬ್ಯಾಂಕಿನ ಕೌಂಟರಿನಲ್ಲಿ

ಇಷ್ಟು ದೊಡ್ಡ ಜಾಲಕ್ಕೆ ಸಿಕ್ಕಿದವರು ಪಾರಾಗಬಹುದಾದ ಒಂದು ಜಾಗ ಉಳಿದಿದೆ: ಬ್ಯಾಂಕ್ ಶಾಖೆ. ಹಿರಿಯರ ದೊಡ್ಡ ಹಣ ಇನ್ನೂ ಎಫ್‌ಡಿಯಲ್ಲಿದೆ, ಅದನ್ನು ಮುರಿಸಲು ಅನೇಕರು ಖುದ್ದಾಗಿ ಹೋಗುತ್ತಾರೆ. ವಂಚಕನಿಗೂ ಇದು ಗೊತ್ತು. ‘ಕೇಳಿದರೆ ಸೈಟ್ ತಗೋತಿದೀನಿ ಅನ್ನಿ’ ಎಂದು ಉತ್ತರ ಬಾಯಿಪಾಠ ಮಾಡಿಸಿಯೇ ಕಳಿಸಿರುತ್ತಾನೆ. ಜೇಬಿನಲ್ಲಿರುವ ಫೋನಿನಲ್ಲಿ ಕಾಲ್ ಚಾಲೂ ಇರುತ್ತದೆ, ಮಾತೆಲ್ಲ ಅವನಿಗೆ ಕೇಳುತ್ತಿರುತ್ತದೆ.

ಹೈದರಾಬಾದಿನ ಸ್ಟೇಟ್ ಬ್ಯಾಂಕ್ ಶಾಖೆಯೊಂದಕ್ಕೆ 2024ರಲ್ಲಿ 61 ವರ್ಷದ ವೈದ್ಯರೊಬ್ಬರು ಹೀಗೇ ₹13 ಲಕ್ಷದ ಠೇವಣಿ ಮುರಿಸಲು ಬಂದರು. ಆಸ್ತಿ ಕೊಳ್ಳುವುದಕ್ಕೆ ಎಂದರು. ಮುಖ ಕಂಡ ಸಿಬ್ಬಂದಿಗೆ ಸರಿ ಕಾಣಲಿಲ್ಲ. ಮನೆಯವರೊಬ್ಬರನ್ನು ಕರೆದುಕೊಂಡು ಬನ್ನಿ ಎಂದು ಪಟ್ಟು ಹಿಡಿದರು. ಹಣ ಉಳಿಯಿತು. ಗ್ರಾಹಕ ತನ್ನ ದುಡ್ಡು ಕೇಳಿದರೆ ಬ್ಯಾಂಕ್ ಕಾರಣ ಕೇಳಬಹುದೇ ಎಂದು ವಾದಿಸುವವರಿದ್ದಾರೆ. ಎಪ್ಪತ್ತು ದಾಟಿದವರು ಬೆವರುತ್ತ ಬಂದು ಇಡೀ ಜೀವನದ ಉಳಿತಾಯವನ್ನು ಹಿಂದೆಂದೂ ಹೆಸರು ಕೇಳದ ಖಾತೆಗೆ ಕಳಿಸಿ ಎಂದರೆ ಒಂದು ಲೋಟ ನೀರು ಕೊಟ್ಟು, ಫೋನ್ ಆಫ್ ಮಾಡಿಸಿ, ಹತ್ತು ನಿಮಿಷ ಕೂರಿಸುವುದು ಅಧಿಕಪ್ರಸಂಗವೇನಲ್ಲ.

ಮನೆಯವರು ಮೊದಲೇ ಮಾಡಿಕೊಳ್ಳಬಹುದಾದದ್ದೂ ಇದೆ. ದೊಡ್ಡ ಠೇವಣಿಯನ್ನು ಜಂಟಿ ಹೆಸರಿನಲ್ಲಿ ಇಬ್ಬರ ಸಹಿಯೂ ಬೇಕೆಂಬ ಷರತ್ತಿನಲ್ಲಿ ಇಟ್ಟರೆ, ಒಬ್ಬರನ್ನು ಹೆದರಿಸಿದ ಮಾತ್ರಕ್ಕೆ ಅದು ಕರಗುವುದಿಲ್ಲ. ಸಾಮಾನ್ಯವಾಗಿ ಮಾಡಿಸುವ ‘ಇಬ್ಬರಲ್ಲಿ ಯಾರಾದರೂ’ ಎಂಬ ಷರತ್ತಿನಲ್ಲಿ ಈ ಕಾವಲು ಅಷ್ಟು ಗಟ್ಟಿಯಲ್ಲ. ನೆಟ್‌ಬ್ಯಾಂಕಿಂಗ್‌ನಲ್ಲಿ ದಿನದ ಮಿತಿಯನ್ನು ತಿಂಗಳ ಖರ್ಚಿಗೆ ಸಾಕಾಗುವಷ್ಟಕ್ಕೆ ಇಳಿಸಿಡಬಹುದು. ಆದರೆ ಇದನ್ನೆಲ್ಲ ಹಿರಿಯರನ್ನು ಕೂರಿಸಿಕೊಂಡು, ಕೇಳಿ ಮಾಡಬೇಕು. ಅಪ್ಪನ ಕೈಯಿಂದ ಫೋನ್ ಕಿತ್ತುಕೊಂಡು ಮಗ ತನ್ನ ಹೆಸರಿಗೆ ಬರೆಸಿಕೊಂಡರೆ ಅದಕ್ಕೆ ಬೇರೆಯೇ ಹೆಸರಿದೆ. ಹಿರಿಯರ ರಕ್ಷಣೆಗೆ 2007ರ ಹಿರಿಯ ನಾಗರಿಕರ ಕಾಯ್ದೆಯೂ ಇದೆ.

ಹಣ ಹೋದ ಮೇಲೆ

ಕಳಿಸಿದ್ದಾಗಿದೆ, ಈಗ ಅರಿವಾಯಿತು. ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವುದು. ಠಾಣೆ ಹುಡುಕಿಕೊಂಡು ಹೋಗುವುದು ಆಮೇಲೆ. ಯಾವ ಬ್ಯಾಂಕಿನಿಂದ, ಯಾವ ಖಾತೆಗೆ, ಎಷ್ಟು, ಎಷ್ಟು ಹೊತ್ತಿಗೆ, ವಹಿವಾಟಿನ ಗುರುತಾದ ಯುಟಿಆರ್ ಸಂಖ್ಯೆ ಏನು ಎಂಬಿಷ್ಟನ್ನು ಕೈಯಲ್ಲಿಟ್ಟುಕೊಂಡರೆ ಸಾಕು. ದೂರು ದಾಖಲಾದ ಕೂಡಲೇ ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಇನ್ನೂ ಅಲ್ಲೇ ಇದ್ದರೆ ತಡೆಹಿಡಿಯುತ್ತಾರೆ, ಮುಂದೆ ಹೋಗಿದ್ದರೆ ಆ ಬ್ಯಾಂಕಿಗೆ ಸೂಚನೆ ಸಾಗುತ್ತದೆ. ಖಾತೆಯಿಂದ ಖಾತೆಗೆ ಓಡುವ ಹಣದ ಬೆನ್ನಟ್ಟುವ ಕೆಲಸವಿದು, ತಡವಾದಷ್ಟೂ ಸಿಗುವುದು ಕಡಿಮೆ. ಮೊದಲ ಒಂದೆರಡು ಗಂಟೆಗೆ ಪೊಲೀಸರು ‘ಗೋಲ್ಡನ್ ಅವರ್’ ಎನ್ನುವುದು ಇದಕ್ಕೇ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ವಿವರ ತುಂಬಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಠಾಣೆಗೆ ಹೋಗಬೇಕು. ಬೆಂಗಳೂರಿನಲ್ಲಾದರೆ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿ 1090 ಇದೆ. ದೇಶಕ್ಕೆಲ್ಲ ಒಂದೇ ಆದ ಎಲ್ಡರ್‌ಲೈನ್ 14567. ಅರೆಸ್ಟ್ ಕರೆ ಬಂದಿರುವಾಗಲೇ ಮನೆಯವರು ಯಾರಿಗಾದರೂ ಗೊತ್ತಾದರೆ 112ಕ್ಕೆ ಫೋನ್ ಮಾಡಿ ಅಸಲಿ ಪೊಲೀಸರನ್ನೇ ಮನೆಗೆ ಕರೆಸಬಹುದು.

ಒಂದು ಭ್ರಮೆ ಬೇಡ. ನಮಗೆ ಗೊತ್ತಿಲ್ಲದೆ ಖಾತೆಯಿಂದ ಹಣ ಹೋದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ಗ್ರಾಹಕನ ಮೇಲೆ ಹೊಣೆ ಬೀಳದಂತೆ ರಿಸರ್ವ್ ಬ್ಯಾಂಕ್ 2017ರಲ್ಲಿ ತಂದ ನಿಯಮ ರಕ್ಷಣೆ ಕೊಡುತ್ತದೆ. ಡಿಜಿಟಲ್ ಅರೆಸ್ಟ್‌ನಲ್ಲಿ ಹಣ ಕಳಿಸಿದವರು ನಾವೇ, ಸಹಿಯೂ ನಮ್ಮದೇ. ಆ ರಕ್ಷಣೆ ಇಲ್ಲಿ ಒದಗುವುದಿಲ್ಲ. ತಡೆಹಿಡಿದ ಹಣ ವಾಪಸ್ ಬರಲು ಬಹುಮಟ್ಟಿಗೆ ನ್ಯಾಯಾಲಯದ ಆದೇಶ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ.

ಆ ತಿಂಗಳುಗಳಲ್ಲೇ ಇನ್ನೊಂದು ಫೋನ್ ಬರುವುದುಂಟು. ಮೋಸ ಹೋದವರ ಪಟ್ಟಿಗೂ ಮಾರುಕಟ್ಟೆ ಇದೆ. ಈ ಸಲ ಮಾತಾಡುವವನು ವಕೀಲ, ಇಲ್ಲವೇ ‘ಸೈಬರ್ ರಿಕವರಿ ಸೆಲ್’ನ ಅಧಿಕಾರಿ. ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಗೆ ಹತ್ತು ಪರ್ಸೆಂಟ್ ಶುಲ್ಕ ಕಟ್ಟಿ ಎನ್ನುತ್ತಾನೆ. 1930ರ ದೂರಿಗೆ ಯಾವ ಹಂತದಲ್ಲೂ ಶುಲ್ಕವಿಲ್ಲ. ನ್ಯಾಯಾಲಯ ಕೊಡಿಸುವ ಹಣ ನೇರವಾಗಿ ದೂರುದಾರರ ಬ್ಯಾಂಕ್ ಖಾತೆಗೆ ಬರುತ್ತದೆ, ನಡುವೆ ಏಜೆಂಟ್ ಇರುವುದಿಲ್ಲ. ಇಂಥ ಕರೆ ಬಂದರೆ ಆ ನಂಬರನ್ನು ಹಳೆಯ ದೂರಿನ ಸ್ವೀಕೃತಿ ಸಂಖ್ಯೆಯ ಜೊತೆಗೇ ಸೆನ್ ಠಾಣೆಗೆ ಕೊಡಿ; ಮೊದಲ ತಂಡದ ಸುಳಿವು ಇದರಲ್ಲೂ ಸಿಗಬಹುದು.